ಗೆರೆಯೊಳಗೆ ಸರಿದ ಕೆಂಪು

ರೀ,

ಗಾಢ ನಿದ್ದೆಯಲ್ಲಿದ್ದಿರಿ, ಎಬ್ಬಿಸದೆ ನಿಗಡಿ ಬಡಾವಣೆಗೆ ಕೆಲಸಕ್ಕೆ ಹೊರಟೆ. ಮೊಳೆ ಚುಚ್ಚಿದ ನಿಮ್ಮ ಕಾಲು ನೋಡಿದೆ. ಕೆಂಪು ಹರಡುತ್ತದೋ ನೋಡಲು ಡಾಕ್ಟರಬಾಯಿ ಅದರ ಸುತ್ತ ಪೆನ್ನಿನಿಂದ ಎಳೆದಿದ್ದ ಗೆರೆಯಿಂದ ಕೆಂಪು ಒಳಗೆ ಸರಿದಿದೆ. ಜ್ವರವೂ ಇಳಿದಿದೆ. ಜೀವಕ್ಕೆ ನೆಮ್ಮದಿಯಾಯಿತು.

ಗಾಯ ಮತ್ತೆ ಹಿಸುಕಬೇಡಿ, ಹಿಸುಕಿದ್ದಕ್ಕೇ ಇಷ್ಟಾಯಿತು. ವಿಜಾಪುರದವರಾದ ಆ ಡಾಕ್ಟರಬಾಯಿ ನಮ್ಮ ಮಾತಿನಲ್ಲೇ ಹೇಳಿದರಲ್ಲ: “ರಕ್ತದಾಗಿನ ಬಿಳಿ ಕಣ ಮೊದಲ ಓಡಿ ಬಂದು ಕ್ರಿಮಿ ನುಂಗತಾವ್ರಿ, ಉಳಿದ ಕಣಗಳನ್ನೂ ಕರೀತಾವ. ಅದಕ್ಕ ಊತ, ಬಿಸಿ. ಕೀವಿನಾಗ ಇರೋದು ಹಂಗ ಕಾದಾಡಿ ಸತ್ತ ಕಣ.”

ರೊಟ್ಟಿ, ಪಲ್ಯ ಬುಟ್ಟಿಯಲ್ಲಿವೆ. ಉಂಡ ಮೇಲೆ ಗುಳಿಗೆ ನುಂಗಿ. ಕಾಲು ದಿಂಬಿನ ಮೇಲಿರಲಿ.

ಸಂಜೆ ಎಸ್‌ಟಿಡಿ ಬೂತಿನಿಂದ ಅತ್ತೆಗೆ ಫೋನು ಮಾಡಿ, ಆರಾಮಾಗಿದ್ದೀರಿ ಎನ್ನುತ್ತೇನೆ. “ಕಾಲು ಹೋಗ್ತದೇನ” ಎಂದು ನೀವು ಅತ್ತದ್ದನ್ನು ಹೇಳುವುದಿಲ್ಲ. ನಾನು ಅತ್ತದ್ದಂತೂ ನಿಮಗೇ ಗೊತ್ತಿಲ್ಲ.

ಶೀತಲ