ಗಡಿಸಾಲಿನ ಬಿಳಿ ಹುಳ

ಫೆಬ್ರವರಿ 4, ಮಂಗಳವಾರ
ಚಪ್ಪರದ ಕೆಳಗೆ ಒಂದು ಸುತ್ತು ಹಾಕಿ ಬಂದೆ. ಹುಳ ಹಿಡಿಯುವ ಹಳದಿ ಅಂಟುಕಾರ್ಡು ಬದಲಾಯಿಸಿದ್ದಾಯಿತು. ಕೊನೆಯ ಎರಡು ಸಾಲಿನಲ್ಲಿ ಹಿಟ್ಟು ತಿಗಣೆ. ದ್ರಾಕ್ಷಿ ಗೊಂಚಲಿನ ಸಂದಿಯಲ್ಲೆಲ್ಲ ಬಿಳಿ ಬೂಜು, ಜೊತೆಗೆ ಇರುವೆ. ಮಾಲಾಳ ತೋಟಕ್ಕೆ ತಾಗಿದ ಸಾಲುಗಳೇ. ಬೇರೆಲ್ಲಿಂದ ಬಂದೀತು!

ಅಣ್ಣ ತಮ್ಮ ಪಾಲಾದಾಗಿನಿಂದ ನಮಗೂ ಅವರಿಗೂ ನಡುವೆ ಇರುವುದು ಒಂದು ಸಾಲು ಕಲ್ಲುಕಂಬ ಮಾತ್ರ. ನಾನು ದೊಡ್ಡ ಸೊಸೆ, ಅವಳು ಚಿಕ್ಕವಳು. ಮಾತಿಲ್ಲ. ವಾರಗಿತ್ತಿಯರೆಂದರೆ ಹೀಗೇ ಎಂದು ಊರೂ ಒಪ್ಪಿಕೊಂಡಿದೆ.

ಔಷಧಿ ಹೊಡೆಯದೆ ಸಂಭಾಳಿಸಬೇಕು. ಅದರ ಟ್ರೈನಿಂಗ್ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿಕೊಂಡವಳು ನಾನು.

ಫೆಬ್ರವರಿ 6, ಬೆಳಗಿನ ಜಾವ
ವಿಚಿತ್ರ. ಮಾಲಾ ನಮ್ಮ ಸಾಲಿನಲ್ಲಿ! ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದು ನಮ್ಮ ಬಳ್ಳಿಗೆ ಏನೋ ತಟ್ಟುತ್ತಿದ್ದಳು. ನಾನು ಕೆಮ್ಮಿದೆ. ಸರಸರ ಹೋಗಿಬಿಟ್ಟಳು.

ಅವರ ಹಳೆಯ ಹುಳದ ಮನೆ ತುಂಬ ಕುಂಬಳಕಾಯಿ ಜೋಡಿಸಿದ್ದಾಳಂತೆ. ರೇಷ್ಮೆ ಬಿಟ್ಟು ವರ್ಷಗಳಾದವು, ಈಗ ಕುಂಬಳಕಾಯಿ ಯಾಕೆ? ಮಾಟಕ್ಕೇ ಇರಬೇಕು ಎಂದು ಕೇರಿಯ ಅಕ್ಕಯಮ್ಮ ಹೇಳಿದಾಗ ನಕ್ಕಿದ್ದೆ. ಇವತ್ತು ನಗು ಬರಲಿಲ್ಲ.

ಫೆಬ್ರವರಿ 22, ಸಂಜೆ
ಅವಳು ಡಬ್ಬಿ ತಟ್ಟಿದ ಅದೇ ಬಳ್ಳಿಗಳಲ್ಲಿ ದಪ್ಪ ದಪ್ಪ ಬಿಳಿ ಹುಳ. ಇಂಥ ತಿಗಣೆ ನಾನು ಕಂಡಿಲ್ಲ. ಮೈತುಂಬ ಜೂಲು, ಕೂತಲ್ಲಿ ಕೂರದೆ ಓಡಾಡುತ್ತವೆ. ತಂದು ಬಿಟ್ಟಿದ್ದಾಳೆ! ಕಣ್ಣಾರೆ ಕಂಡಿದ್ದೇನಲ್ಲ.

ಫೋಟೋ ತೆಗೆದು ಟ್ರೈನಿಂಗ್ ಕೊಟ್ಟ ಮೇಡಂ ಇರುವ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಪಕ್ಕದ ತೋಟದವರು ಮಾಡಿದ ಘನಕಾರ್ಯ ನೋಡಿ ಮೇಡಂ."

ಫೆಬ್ರವರಿ 23
ಹಾಲಿನ ಡೈರಿ ಮುಂದೆ ಜಗಳವಾಯಿತು. ಕ್ಯೂ ತುಂಬ ಜನ. ಮಾಲಾ ಕ್ಯಾನ್ ಹಿಡಿದು ನಿಂತಿದ್ದಳು. "ನನ್ನ ತೋಟಕ್ಕೆ ರೋಗ ತಂದು ಬಿಟ್ಟೆಯೇನೇ?" ಅಂದೆ. "ಅದು ರೋಗ ಅಲ್ಲ ಅಕ್ಕ, ಒಂದ್ನಿಮಿಷ ಕೇಳು..." ಅಂದಳು. ಕೇಳಲಿಲ್ಲ. ನನ್ನ ಬಾಯಿಗೆ ಬ್ರೇಕ್ ಇರಲಿಲ್ಲ. ಅವಳಿಗೆ ಮಕ್ಕಳಿಲ್ಲದ್ದನ್ನೂ ಎಳೆದು ತಂದೆ. ಆ ಮಾತು ಇಲ್ಲಿ ಬರೆಯುವುದು ಬೇಡ.

ಅವಳು ಹಾಲು ಅಳೆಸದೆ ಹಾಗೇ ಹಿಂದಕ್ಕೆ ಹೋದಳು.

ಮಧ್ಯಾಹ್ನ ಇವರನ್ನು ಚಿಂತಾಮಣಿಗೆ ಕಳಿಸಿ ಔಷಧಿ ತರಿಸಿದೆ. ಅಂಗಡಿಯಲ್ಲಿದ್ದುದರಲ್ಲಿ ಜೋರಾದದ್ದು. ಸಂಜೆಯೊಳಗೆ ಗಡಿಸಾಲು ಪೂರ್ತಿ ಹೊಡೆಸಿದೆ. ಗಾಳಿ ಆ ಕಡೆಗಿತ್ತು. ಇರಲಿ ಅಂದುಕೊಂಡೆ.

ಫೆಬ್ರವರಿ 24
ಮೇಡಂ ವಾಯ್ಸ್ ಮೆಸೇಜ್. ಗ್ರೂಪಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ.

"ತನುಜಾ ಅವರೇ, ತುಂಬಾ ಚೆನ್ನಾಗಿ ಬಂದಿದೆ! ಇದು ತಿಗಣೆ ಅಲ್ಲ, ತಿಗಣೇನ ತಿನ್ನೋ ಗುಲಗಂಜಿ ಹುಳದ ಮರಿ. ಮರೀಲಿ ತಿಗಣೆ ಥರಾನೇ ಕಾಣತ್ತೆ, ಟ್ರೈನಿಂಗಲ್ಲಿ ತೋರಿಸಿದ್ವಲ್ಲ. ದಯವಿಟ್ಟು ಔಷಧಿ ಮಾತ್ರ ಹೊಡೀಬೇಡಿ. ಪಕ್ಕದವರು ಯಾರು, ಕುಂಬಳಕಾಯಿ ಮೇಲೆ ಸಾಕಿದ್ರಾ? ಅವರಿಗೆ ನನ್ನ ಕಂಗ್ರಾಟ್ಸ್ ಹೇಳಿ."

ತೋಟಕ್ಕೆ ಓಡಿದೆ. ಬಳ್ಳಿಯ ಬುಡದಲ್ಲಿ ಬಿಳಿ ಬಿಳಿ ಉದುರಿ ಬಿದ್ದಿವೆ. ಒಂದನ್ನು ಅಂಗೈಗೆ ಹಾಕಿಕೊಂಡೆ. ಜೂಲು ಉಜ್ಜಿಹೋಯಿತು. ಒಳಗೆ ತಿಗಣೆಯಲ್ಲ, ಬೇರೆಯೇ ಹುಳ.

ಟ್ರೈನಿಂಗ್ ದಿನ ಆ ಚಿತ್ರ ತೋರಿಸಿದಾಗ ನಾನು ಹೊರಗೆ ಫೋನಿನಲ್ಲಿದ್ದೆ. ಮಾಲಾ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದಳು. ಫೋಟೋಗೆ ಮಾತ್ರ ನಾನು ಮುಂದೆ ನಿಂತೆ.

ಗ್ರೂಪಿನಲ್ಲಿ ಫೋಟೋ ಡಿಲೀಟ್ ಮಾಡಿದೆ. ಡಿಲೀಟ್ ಮಾಡಿದ್ದು ಕೂಡ ಎಲ್ಲರಿಗೂ ಕಾಣುತ್ತದೆ. ಥೂ.

ಮಾರ್ಚ್ 5
ಬರೆಯಲು ಮನಸ್ಸಿರಲಿಲ್ಲ. ಮಾಲಾ ಡೈರಿಗೆ ಬರುತ್ತಿಲ್ಲ. ಮೈದುನ ವೇಣು ಕ್ಯಾನ್ ತರುತ್ತಾನೆ, ನನ್ನ ಕಡೆ ನೋಡುವುದಿಲ್ಲ. "ಅತ್ತಿಗೆ" ಅಂತ ಮೊದಲು ಕರೆಯುತ್ತಿದ್ದವನು.

ಇವರಿಗೆ ಏನೂ ಹೇಳಿಲ್ಲ. "ಆ ಬಿಳಿ ಹುಳ ಒಂದೂ ಇಲ್ಲ ನೋಡು, ಒಳ್ಳೆ ಔಷಧಿ ಕಣೇ" ಅಂದರು ಊಟ ಮಾಡುವಾಗ. ತಟ್ಟೆ ಎತ್ತಿಕೊಂಡು ಎದ್ದೆ.

ತಿಗಣೆ ಮತ್ತೆ ಶುರು. ಈ ಸಲ ಗಡಿಯ ಎರಡೂ ಕಡೆ. ಅವಳ ಸಾಲಿನ ಹುಳವನ್ನೂ ನನ್ನ ಔಷಧಿಯೇ ಕೊಂದಿದೆ.

ಮಾರ್ಚ್ 9, ಭಾನುವಾರ
ಹೋದೆ. ಹುಳದ ಮನೆ ಬಾಗಿಲು ತೆರೆದಿತ್ತು. ರೇಷ್ಮೆ ತಟ್ಟೆ ಇಡುತ್ತಿದ್ದ ಸ್ಟ್ಯಾಂಡಿನ ಮೇಲೆಲ್ಲ ಸಿಹಿಗುಂಬಳ. ಅದರ ಮೇಲೆ ತಿಗಣೆ, ತಿಗಣೆ ತಿನ್ನುತ್ತಾ ಅವೇ ಮರಿಗಳು. ಮಾಟವಂತೆ, ಮಣ್ಣಂತೆ! ಮಾಲಾ ಒಂದು ಕಾಯನ್ನು ಮೆತ್ತಗೆ, ಬಾಣಂತಿಮನೆಯ ಕೂಸನ್ನು ಹೊರಳಿಸುವ ಹಾಗೆ ಹೊರಳಿಸುತ್ತಿದ್ದಳು. ಹೊಸ್ತಿಲಲ್ಲೇ ಕೂತೆ.

"ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ, ಮಾಲಾ?"

"ಹೇಳಿದ್ರೆ ಹುಳ ಬಿಡೋಕೆ ಒಪ್ತಿದ್ರಾ? ನಿಮ್ಮ ಕಡೇನೇ ತಿಗಣೆ ಜಾಸ್ತಿ ಇತ್ತು, ಅಲ್ಲಿಗೇ ಬಿಟ್ಟೆ. ಹುಳಕ್ಕೆ ನಮ್ಮ ಪಾಲು-ಪಾರೀಕತ್ತು ಗೊತ್ತಾಗಲ್ಲ."

'ನೀವು' ಅಂದಳು. ಮದುವೆಯಾಗಿ ಬಂದ ದಿನದಿಂದ ನನ್ನನ್ನು "ಅಕ್ಕ, ನೀನು" ಎನ್ನುತ್ತಿದ್ದವಳು. ಪಾಲಾದಾಗಲೂ ಹಾಗೇ ಬೈದಿದ್ದಳು.

"ತಪ್ಪಾಯ್ತಮ್ಮ" ಅಂದೆ. ಅಳು ಬಂತು.

ಅವಳು ಅಳಲಿಲ್ಲ. "ಇಲ್ಲಿ ನಾವಿಬ್ರೇ ಇದೀವಿ. ಅವತ್ತು ನೀವು ಅಂದಿದ್ದು ಇಲ್ಲೇನಾ, ಡೈರಿ ಮುಂದೆ ಅಲ್ವಾ?"

ಮತ್ತೆ ಕುಂಬಳಕಾಯಿಯ ಕಡೆ ತಿರುಗಿಕೊಂಡಳು.

ಮಾರ್ಚ್ 10
ಹೇಳಿದೆ. ಡೈರಿ ಮುಂದೆ, ಅಷ್ಟೂ ಜನರ ಎದುರಿಗೆ. ಕ್ಯೂನ ಕೊನೆಯಲ್ಲಿ ಮಾಲಾ ಇದ್ದಳು. ಇವತ್ತು ತಾನೇ ಬಂದಿದ್ದಳು.

ಆ ಹುಳ ರೋಗವಲ್ಲ, ಔಷಧ. ಮಾಲಾ ಸಾಕಿ ನಮ್ಮ ಬಳ್ಳಿಗೂ ಬಿಟ್ಟಿದ್ದಳು. ತಿಳಿಯದೆ ನಾನೇ ಕೊಂದೆ. ಇಷ್ಟು ಹೇಳುವಷ್ಟರಲ್ಲಿ ಬೆವರು ಇಳಿಯಿತು. ಡೈರಿ ಸೆಕ್ರೆಟರಿ ಚಿರಂಜೀವಿ ನಕ್ಕ. "ಸರ್ಟಿಫಿಕೇಟ್ ವಾಪಸ್ ಕೊಟ್ಬಿಡಕ್ಕ!" ಎಲ್ಲರೂ ನಕ್ಕರು. "ಅಯ್ಯೋ ಬಿಡಮ್ಮ, ಗೊತ್ತಿಲ್ದೆ ಆಗಿದ್ದು" ಅಂದಳು ಅಕ್ಕಯಮ್ಮ. ನಾನೂ ನಕ್ಕುಬಿಟ್ಟೆ. ಎಷ್ಟು ಹಗುರವಾಯಿತು!

ಮಾಲಾ ನಗಲಿಲ್ಲ. ಇನ್ನೂ ಏನೋ ಬರುತ್ತದೆ ಎಂದು ಕಾಯುತ್ತಾ ನನ್ನನ್ನೇ ನೋಡಿದಳು. ಏನೆಂದು ನನಗೆ ಗೊತ್ತಿತ್ತು. ಕ್ಯಾನ್ ಎತ್ತಿಕೊಂಡು ಮನೆಗೆ ಬಂದೆ.

ಹುಳದ ತಪ್ಪು ತಿಳಿಯದೆ ಆದದ್ದು, ಅದನ್ನು ಒಪ್ಪಿಕೊಂಡೆ. ಬಾಯಿಯ ತಪ್ಪು ತಿಳಿದೇ ಮಾಡಿದ್ದು. ನುಂಗಿಕೊಂಡೆ. ಹೇಡಿ ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ ಬೇರೆ.

ಮಾರ್ಚ್ 11, ಹಾಲು ಕರೆಯುವ ಮುಂಚೆ
ಇವತ್ತು ಅದನ್ನೂ ಹೇಳುತ್ತೇನೆ. ಅವಳು ಬಂದಿರಲಿ, ಬಿಡಲಿ. ಅಂದದ್ದನ್ನು ಅಂದ ಹಾಗೇ ಎಲ್ಲರೆದುರು ಹೇಳಿ, ಆಮೇಲೆ ತಪ್ಪು ಎನ್ನಬೇಕು. ಏನೋ ಅಂದೆ, ಕೋಪದಲ್ಲಿ ಅಂದೆ ಅಂತ ತೇಲಿಸಬಾರದು.

ನಾಲಿಗೆಗೆ ಬರುತ್ತದೋ ಇಲ್ಲವೋ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಫೆಬ್ರವರಿ ಇಪ್ಪತ್ತಮೂರರಂದು ಡೈರಿ ಮುಂದೆ ನಾನು ಮಾಲಾಗೆ ಅಂದದ್ದು — "ಹೆರೋಕೆ ಗತಿ ಇಲ್ದೋಳು ಹುಳ ಸಾಕ್ತಾವ್ಳೆ, ಅವೇ ಇವಳ ಮಕ್ಕಳು!"