ಕೊಟ್ರಮ್ಮ ಖಾನಾವಳಿ

ಮಾರಿಕಣಿವೆ
ಆಷಾಢದ ಒಂದು ಗುರುವಾರ

ಕೊಟ್ರಕ್ಕನಿಗೆ ಯಶೋದಾ ಮಾಡುವ ನಮಸ್ಕಾರ.

ಭಾನುವಾರ ನಮ್ಮ ಹೊಳಲ್ಕೆರೆ ಕಚೇರಿಯ ಜೀಪು ಓಡಿಸುವ ನಾಗರಾಜ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಣೆಕಟ್ಟು ನೋಡಲು ಬಂದಿದ್ದ. ನೀನು ಆರಾಮಿದ್ದೀಯಂತೆ, ಮೊಣಕಾಲು ನೋವು ಮಾತ್ರ ಬಿಟ್ಟಿಲ್ಲವಂತೆ, ಮಗಳು ಪಲ್ಲವಿ ಗಂಡನ ಮನೆಗೆ ಹೊಂದಿಕೊಂಡಿದ್ದಾಳಂತೆ, ನನ್ನ ಕುರ್ಚಿಗೆ ಬಂದಿರುವ ಹುಡುಗಿಗೆ ಟಪಾಲು ಎಂದರೆ ಏನೆಂದೇ ತಿಳಿಯದಂತೆ. ನಾಗರಾಜನ ಬಾಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಹೀಗಾಗಿ ಕ್ಷೇಮ ವಿಚಾರಿಸುವ ಶಾಸ್ತ್ರ ಬಿಟ್ಟು, ನೀನು ಹೇಳಿ ಕಳಿಸಿದ ಮಾತಿಗೇ ಬರುತ್ತೇನೆ.

"ಕೊಟ್ರಮ್ಮ ಮೇಡಂ ಸಾಹೇಬ್ರ ಹತ್ರ ಮಾತಾಡ್ಯಾರೆ. ಹೊರಗುತ್ತಿಗೆ ಮ್ಯಾಲೆ ನಿಮ್ಮುನ್ನ ವಾಪಸ್ ತಗಂತಾರಂತೆ. ಅದೇ ರೂಮು, ಕಿಟಕಿ ಪಕ್ಕದ ಟೇಬಲ್ಲು. ಹೂಂ ಅನ್ರಿ ಸಾಕು," ಎಂದ. ಹೇಳಿ ಮುಗಿಸಿ ರೊಟ್ಟಿಯನ್ನು ಎಣ್ಣೆಗಾಯಿಗೆ ಅದ್ದಿಕೊಂಡ. ನಾನು ಒಲೆ ನೋಡುವ ನೆವದಲ್ಲಿ ಒಳಗೆ ಹೋದೆ. ಪಲ್ಲವಿಯ ಮದುವೆ ಕರೆಯೋಲೆಯನ್ನು ಮೊಬೈಲಿಗೆ ಕಳಿಸಿದ್ದು ಬಿಟ್ಟರೆ, ನಾನು ಇಲ್ಲಿಗೆ ಬಂದಮೇಲೆ ನೀನಾಗಿ ಹೇಳಿ ಕಳಿಸಿದ ಮೊದಲ ಮಾತು ಇದು. ಅದೂ ಜೀಪಿನವನ ಬಾಯಲ್ಲಿ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಾದರೆ ನಾವಿಬ್ಬರೂ ಊಟ ಆಯ್ತಾ ಎಂದು ಕೇಳಿಕೊಂಡು ಇಟ್ಟುಬಿಡುತ್ತಿದ್ದೆವು. ಇವತ್ತು ಗಿರಾಕಿಗಳೂ ಇಲ್ಲ. ಆಷಾಢದ ಗಾಳಿ ತಗಡನ್ನು ಬಡಿಯುತ್ತಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಅಣೆಕಟ್ಟು ತುಂಬಿ ಕೋಡಿ ಬಿದ್ದಾಗ ನಾವಿಬ್ಬರೂ ನೋಡಲು ಬಂದಿದ್ದೆವಲ್ಲ. ಹೊಳಲ್ಕೆರೆಯಿಂದ ಚಿತ್ರದುರ್ಗ, ಅಲ್ಲಿಂದ ಹಿರಿಯೂರು, ಅಲ್ಲಿಂದ ನೇತಾಡಿಕೊಂಡು ಬರುವ ಇನ್ನೊಂದು ಬಸ್ಸು. ಕಾಲಿಡಲು ಜಾಗವಿಲ್ಲದಷ್ಟು ಜನ. ಕಟ್ಟೆಯ ಮೇಲೆ ಕೂತು ನಿನ್ನ ಡಬ್ಬಿ ಬಿಚ್ಚಿದೆವು. ಹರಪನಹಳ್ಳಿ ಕಡೆಯ ನಿನ್ನ ತವರಿನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಪುಡಿ. ಪಕ್ಕದಲ್ಲಿ ಕೂತಿದ್ದ ಸಂಸಾರದವರು ನಾಚಿಕೆ ಬಿಟ್ಟು, ಈ ರೊಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನೀನು ಅವರಿಗೂ ಎರಡು ಕೊಟ್ಟೆ. ಆಮೇಲೆ ಕೈ ತೊಳೆಯುತ್ತಾ, "ಇಷ್ಟು ಜನ ಉಣ್ಣಾಕೆ ಎಲ್ಲಿಗೆ ಹೋಗ್ತಾರೆ ಅಂತೀನಿ. ಇಲ್ಲೊಂದು ಖಾನಾವಳಿ ಹಾಕ್ಬೇಕು ಕಣೇ," ಎಂದೆ. ಮೊದಲು ಬಾಯಿ ಬಿಟ್ಟವಳು ನೀನು. ಇದನ್ನು ಮರೆಯಬೇಡ.

ಆ ಜನ ಉಣ್ಣಲು ಎಲ್ಲಿಗೆ ಹೋಗುತ್ತಿದ್ದರು ಎಂದು ನಾವು ತಿರುಗಿ ನೋಡಲೇ ಇಲ್ಲ ಅಕ್ಕ. ಮೀನು ಕರಿಯುವ ಅಂಗಡಿಗಳ ಸಾಲು ಬಂದಾಗ ಇಬ್ಬರೂ ಮೂಗಿಗೆ ಸೆರಗು ಹಿಡಿದು ದಾಪುಗಾಲು ಹಾಕಿದ್ದೆವು. ಮೂಗು ಮುಚ್ಚಿಕೊಂಡವರಿಗೆ ಕಣ್ಣೂ ಮುಚ್ಚಿರುತ್ತದೆ. ಮಾರಿಕಣಿವೆಗೆ ಜನ ಬರುವುದೇ ನೀರು ನೋಡಿ ಮೀನು ತಿನ್ನಲು ಎನ್ನುವುದು ಜಿಲ್ಲೆಗೆಲ್ಲ ಗೊತ್ತಿತ್ತು, ನಮ್ಮಿಬ್ಬರಿಗೆ ಬಿಟ್ಟು. ನಾನು ಇಲ್ಲಿ ಬಾಗಿಲು ತೆರೆದ ಮೊದಲ ವಾರ ಬಂದವರೆಲ್ಲ ಕೇಳಿದ್ದು ಒಂದೇ ಮಾತು. "ಮೀನೈತಾ?" ಇಲ್ಲ ಎಂದರೆ, "ಮುದ್ದೆನಾದ್ರೂ ಐತಾ?" ಅದೂ ಇಲ್ಲ ಎಂದರೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋಗುತ್ತಿದ್ದರು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಅರ್ಜಿ ಬರೆದ ದಿನ ನೆನಪಾಗುತ್ತದೆ. ಊಟದ ಹೊತ್ತಿನಲ್ಲಿ ಎದುರುಬದುರು ಕೂತು ಇಬ್ಬರೂ ಸ್ವಯಂ ನಿವೃತ್ತಿಗೆ ಬರೆದೆವು. ನಾನು ಅಂದೇ ಕೊಟ್ಟೆ. ನೀನು, "ನಾಳೆ ಅಮಾಸೆ, ಕಳೀಲಿ ತಡಿ," ಎಂದೆ. ಅಮಾವಾಸ್ಯೆ ಕಳೆಯಿತು. ಆಮೇಲೆ ಸಾಹೇಬರು ರಜೆಯಲ್ಲಿದ್ದರು, ಆಮೇಲೆ ನಿನಗೆ ಜ್ವರ ಬಂತು, ಆಮೇಲೆ ಪಿತೃಪಕ್ಷ. ನನ್ನನ್ನು ಬೀಳ್ಕೊಟ್ಟ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳು ನೀನೇ. ಹಾರ ಹಾಕಿಕೊಂಡು ನಿಂತ ನನ್ನ ಕೈ ಹಿಡಿದು ಕಿವಿಯಲ್ಲಿ, "ನೀನು ಹೋಗಿ ಒಲೆ ಹಚ್ಚಿರು, ನಾನು ಹಿಂದೇನೇ ಬರ್ತೀನಿ," ಎಂದೆ. ಇನ್ನೊಂದು ವರ್ಷ ತಡೆದಿದ್ದರೆ ಬಡ್ತಿ ಸಿಗುತ್ತಿದ್ದ ಕುರ್ಚಿಯಿಂದ ನಾನು ಆ ಮಾತನ್ನು ನಂಬಿ ಎದ್ದು ಬಂದೆ.

ನೀನು ಯಾಕೆ ಬರಲಿಲ್ಲ ಎನ್ನುವುದು ನನಗೆ ನಮ್ಮ ಅಣ್ಣ ಶಿವಕುಮಾರಪ್ಪನಿಂದ ತಿಳಿಯಿತು. ನಾನು ನೌಕರಿ ಬಿಟ್ಟಾಗ, "ಸರ್ಕಾರಿ ಅನ್ನ ಬಿಟ್ಟು ಕಂಡೋರ ಎಲೆಗೆ ರೊಟ್ಟಿ ಬಡೀತೀಯೇನೇ? ನಿನ್ನ ತಲಿ ನೆಟ್ಟಗೈತಾ?" ಎಂದು ಕೂಗಾಡಿದವನು ಅವನು. ಪಲ್ಲವಿಗೆ ಬಂದ ಸಂಬಂಧದವರು, ಹುಡುಗಿಯ ತಾಯಿ ಸರ್ಕಾರಿ ನೌಕರಿಯಲ್ಲಿದ್ದಾರೆ ಎಂದೇ ಒಪ್ಪಿದ್ದಾರೆ ಎಂಬ ಸುದ್ದಿಯನ್ನು ಅವನು ಹಬ್ಬದೂಟದಂತೆ ಬಡಿಸಿದ. ಅಕ್ಕ, ಆ ಕಾರಣ ಸಣ್ಣದಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೋ ಏನೋ, ಗೊತ್ತಿಲ್ಲ, ನನಗೆ ಮಗಳಿಲ್ಲ. ಆದರೆ ಅದನ್ನು ನೀನು ನನಗೆ ಹೇಳಬಹುದಿತ್ತು. ಒಂದೇ ಡಬ್ಬಿಯಲ್ಲಿ ಅಷ್ಟು ವರ್ಷ ಉಂಡವರು ನಾವು.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎನ್ನುತ್ತಾರೆ. ಇಳಿದವಳಿಗೆ ಈಜು ಬರಬೇಕಲ್ಲ. ಲೆಕ್ಕ, ಲೈಸೆನ್ಸು, ಮಾತು ನನ್ನದು, ಅಡಿಗೆ ನಿನ್ನದು ಎಂದು ಹಂಚಿಕೊಂಡಿದ್ದೆವು. ಬೋರ್ಡನ್ನು ಮೊದಲೇ ಬರೆಸಿಟ್ಟಿದ್ದೆ. ಕೈ ನಿನ್ನದು, ಹೆಸರೂ ನಿನ್ನದೇ ಇರಲಿ ಎಂದು ಹಟ ಹಿಡಿದು ಬರೆಸಿದ ಬೋರ್ಡು ಅದು. ಕೊಟ್ರಮ್ಮ ಖಾನಾವಳಿ, ಹಸಿರು ಬಣ್ಣದ ಮೇಲೆ ಹಳದಿ ಅಕ್ಷರ. ಅದನ್ನು ಏರಿಸಿ, ಅದರ ಕೆಳಗೆ ಹಿಟ್ಟು ನಾದಲೂ ಬಾರದ ನಾನು ಕೂತೆ. ನನ್ನ ರೊಟ್ಟಿ ಹಂಚಿನ ಮೇಲೆ ಬಿರುಕು ಬಿಡುತ್ತಿತ್ತು, ತಿರುವಿ ಹಾಕಿದರೆ ಮೂರು ಚೂರು. ನೀನು ರೊಟ್ಟಿ ಬಡಿಯುವುದನ್ನು ಎಷ್ಟು ಸಲ ನೋಡಿದ್ದೆ. ನಿನ್ನ ಜೊತೆ ಹರಟೆ ಹೊಡೆಯುವುದರಲ್ಲಿ ನಿನ್ನ ಕೈ ನೋಡಿರಲಿಲ್ಲ. ಕೈ ಸುಟ್ಟುಕೊಂಡು, ಚೂರಾದ ರೊಟ್ಟಿಯನ್ನು ಮಜ್ಜಿಗೆಗೆ ಹಾಕಿಕೊಂಡು ನಾನೇ ಉಣ್ಣುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ ಎನ್ನುವ ಗಾದೆಯನ್ನು ನನ್ನಷ್ಟು ಅಕ್ಷರಶಃ ಪಾಲಿಸಿದವರು ಇನ್ನೊಬ್ಬರು ಇರಲಾರರು.

ಮೊದಲ ಖಾಯಂ ಗಿರಾಕಿ ಕಾಟಯ್ಯ. ಕುರಿ ಹೊಡೆದುಕೊಂಡು ಈ ದಾರಿಯಲ್ಲಿ ಹೋಗುವ ಮುದುಕ. ಮೊದಲ ದಿನ ನನ್ನ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, "ಕೊಟ್ರಮ್ಮಾ, ಇದು ರೊಟ್ಟಿನಾ, ಹೆಂಚಾ?" ಎಂದ. ಎಂದವನು ಪೂರ್ತಿ ತಿಂದ, ಮರುದಿನ ಮತ್ತೆ ಬಂದ. ಬೋರ್ಡು ನೋಡಿ ಯಾರೋ ಹೇಳಿದ್ದಿರಬೇಕು, ಅವನ ಬಾಯಲ್ಲಿ ನಾನು ಕೊಟ್ರಮ್ಮನಾದೆ. ನಾನು ತಿದ್ದಲಿಲ್ಲ. ಆಮೇಲೆ ಮೀನಂಗಡಿಯ ಚಿತ್ತಮ್ಮ, ಹಾಲು ಹಾಕುವವನು, ಬಸ್ಸಿನ ಕಂಡಕ್ಟರು, ಎಲ್ಲರಿಗೂ ಕೊಟ್ರಮ್ಮ. "ಕೊಟ್ರಮ್ಮಾರೆ, ನೀರು ಕೊಡ್ರಿ." "ಕೊಟ್ರಮ್ಮಾರೆ, ಇನ್ನೊಂದು ಹಾಕ್ರಿ." ಒಂದು ದಿನ ಕಾಟಯ್ಯ ಉಂಡು ಎದ್ದವನು, "ನಿಂಗೆ ನಿನ್ನೋರು ಅಂತ ಯಾರೂ ಇಲ್ವೇನವ್ವಾ ಕೊಟ್ರಮ್ಮ? ಒಬ್ರೂ ಬಂದಿದ್ದು ಕಾಣೆ," ಎಂದು ಕೇಳಿದ. ಇದ್ದಾರೆ, ದೂರದಲ್ಲಿದ್ದಾರೆ ಎಂದೆ. ಹೊಳಲ್ಕೆರೆ ಎಷ್ಟು ದೂರ ಹೇಳು.

ನಿನಗೆ ಕೋಪ ಬರುವ ಒಂದು ವಿಷಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಚಿತ್ತಮ್ಮನ ಮೀನು ಸಾರಿಗೆ ಮುದ್ದೆ ನಾನು ಮಾಡಿಕೊಡುತ್ತೇನೆ. ಒಂದು ದಿನ ಅವಳೇ ಬಂದು ಬಾಗಿಲ ಆಚೆ ನಿಂತು, "ನೀವೂ ನೊಣ ಹೊಡೀತೀರಿ, ನನಗೂ ಮುದ್ದೆ ತೊಳಸಾಕೆ ಕೈ ಸಾಲಲ್ಲ. ಮುದ್ದೆ ನಿಮ್ದು, ಸಾರು ನಂದು. ನಿಮ್ಮ ಪಾತ್ರೆ ನಾನು ಮುಟ್ಟಾದಿಲ್ಲ," ಎಂದಳು. ಎರಡು ದಿನ ಯೋಚಿಸಿದೆ. ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳು, ನೀನು ಏನನ್ನುತ್ತೀಯ ಎಂದು. ಆಮೇಲೆ, ಅನ್ನಲು ಇಲ್ಲಿ ಯಾರಿದ್ದಾರೆ ಎಂದುಕೊಂಡು ಮುದ್ದೆ ಕೋಲು ಕೊಂಡು ತಂದೆ. ಈಗ ಶನಿವಾರ, ಭಾನುವಾರ ಉಸಿರಾಡಲು ಬಿಡುವಿಲ್ಲ. ಅದರ ಜೊತೆಗೇ ರೊಟ್ಟಿಯೂ ನಿಧಾನಕ್ಕೆ ಕೈಗೆ ಹತ್ತಿತು, ನಿನ್ನಷ್ಟು ತೆಳುವಾಗಿ ಅಲ್ಲ.

ಸೋಮವಾರದಿಂದ ಶುಕ್ರವಾರದವರೆಗಿನ ಮಾತು ಬೇರೆ. ಬಸ್ಸು ಬರುತ್ತದೆ, ಯಾರೂ ಇಳಿಯುವುದಿಲ್ಲ, ತಿರುಗಿಕೊಂಡು ಹೋಗುತ್ತದೆ. ಮಧ್ಯಾಹ್ನ ಒಂದೂವರೆಯಾದರೆ ನನ್ನ ಕೈ ತಾನಾಗಿ ಎರಡು ತಟ್ಟೆ ತೆಗೆಯುತ್ತದೆ. ಒಂದನ್ನು ವಾಪಸ್ಸು ಇಡುತ್ತೇನೆ. ಒಬ್ಬಳೇ ಇರುವುದು ನನಗೆ ಹೊಸದಲ್ಲ, ಮದುವೆಯಾಗದೆ ಅಣ್ಣನ ಮನೆಯ ಮೂಲೆಯ ಕೋಣೆಯಲ್ಲೇ ಬದುಕಿದವಳು. ಆದರೆ ಉಣ್ಣುವಾಗ ನಾನು ಒಬ್ಬಳೇ ಇದ್ದದ್ದೇ ಇಲ್ಲ. ಅಳು ಬಂದ ದಿನಗಳೂ ಉಂಟು. ನಿನಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ?

ಪಲ್ಲವಿಯ ಮದುವೆಗೆ ಖಾನಾವಳಿಗೆ ಬೀಗ ಹಾಕಿ ಬಂದಿದ್ದೆ. ನಾನೇ ಹೆಸರಿಟ್ಟ ಕೂಸು, ಬರದೆ ಇರುತ್ತೇನೆಯೇ? ನಿನಗೆ ನೆನಪಿದೆಯೋ ಇಲ್ಲವೋ. ಬೀಗಿತ್ತಿ ನನ್ನನ್ನು ನೋಡಿ, "ಇವ್ರು ಯಾರು, ಏನ್ ಮಾಡ್ತಾರೆ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀನು, "ನಮ್ಮ ಆಫೀಸಿನೋರು," ಎಂದೆ. ಅಂದು ನನ್ನನ್ನು ಊಟಕ್ಕೆ ಎಬ್ಬಿಸಲು ನೀನು ಬಂದೆ, ಸೀರೆ ಕೊಟ್ಟೆ, ಎಲ್ಲ ಮಾಡಿದೆ. ನಾನು ಖಾನಾವಳಿ ನಡೆಸುತ್ತೇನೆ ಎಂದು ಹೇಳಲು ಮಾತ್ರ ನಿನ್ನ ನಾಲಿಗೆ ಏಳಲಿಲ್ಲ. ಬಸ್ಸಿನಲ್ಲಿ ಹಿರಿಯೂರಿನವರೆಗೂ ಅದನ್ನೇ ನೆನೆದು ನೊಂದುಕೊಂಡೆ. ನಾನು ರೊಟ್ಟಿ ಬಡಿಯುವವಳು ಎನ್ನಲು ನೀನು ನಾಚಿದ್ದಕ್ಕಲ್ಲ ಅಕ್ಕ. ಅದು ನಿನ್ನ ಕನಸು, ಅದನ್ನೇ ನೀನು ಬೇರೆ ಯಾರದ್ದೋ ಕೂಸಿನಂತೆ ಸೆರಗಿನಲ್ಲಿ ಮುಚ್ಚಿದೆ.

ಈಗ ನಿನ್ನ ಕರೆಗೆ ಉತ್ತರ. ನಾಲ್ಕು ದಿನ ಯೋಚಿಸಿದೆ. ಆಸೆ ಆಗಲಿಲ್ಲ ಎಂದರೆ ಸುಳ್ಳು. ಕಿಟಕಿ ಪಕ್ಕದ ಟೇಬಲ್ಲು, ಗಾಳಿ, ಮಧ್ಯಾಹ್ನ ಎದುರಿಗೆ ನೀನು. ನನಗೆ ಸಂಬಳಕ್ಕಿಂತ ಅದೇ ಹೆಚ್ಚು ಎಳೆಯಿತು. ಆದರೆ ನಾನು ಬರುವುದಿಲ್ಲ. ಇಲ್ಲಿ ಗೆದ್ದುಬಿಟ್ಟಿದ್ದೇನೆ ಎಂದಲ್ಲ, ಮುಂದಿನ ಬೇಸಿಗೆಯ ಹೊತ್ತಿಗೆ ಬಾಗಿಲು ಹಾಕಬೇಕಾದರೂ ಆಗಬಹುದು. ನೀನು ನನಗಾಗಿ ಸಾಹೇಬರ ಮುಂದೆ ಕೈ ಕಟ್ಟಿ ನಿಂತಿದ್ದೀಯ, ಅದರ ಬೆಲೆ ನನಗೆ ಗೊತ್ತು. ಆದರೂ ನಾನು ಹಿಂದಕ್ಕೆ ಬಂದರೆ ಸಮಾಧಾನವಾಗುವುದು ನಿನಗೆ. ನಾನು ಹೋದದ್ದೇ ತಪ್ಪು ಎಂದಾಗಿಬಿಟ್ಟರೆ, ನೀನು ಬರದೇ ಇದ್ದದ್ದು ತಾನಾಗಿ ಸರಿಯಾಗುತ್ತದೆ. ಹೀಗೆ ಬರೆಯಲು ಕಷ್ಟವಾಗುತ್ತಿದೆ. ಓದಲೂ ಕಷ್ಟವಾಗುತ್ತದೆ ಎಂದು ಗೊತ್ತು.

ಇನ್ನೊಂದು ಸಂಗತಿ. ಭಾನುವಾರ ನಾಗರಾಜ ಬಾಗಿಲಲ್ಲಿ ನಿಂತು, "ಯಶೋದಮ್ಮಾರೆ," ಎಂದು ಕೂಗಿದಾಗ, ಯಾರನ್ನು ಕರೆಯುತ್ತಿದ್ದಾನೆ ಎಂದು ನಾನು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಒಲೆ ಬಿಟ್ಟರೆ ಯಾರೂ ಇರಲಿಲ್ಲ. ಅವತ್ತು ನನಗೆ ನಿಜಕ್ಕೂ ಭಯವಾಯಿತು.

ಹಾಗಾಗಿ ಇವತ್ತು ಬೆಳಿಗ್ಗೆ ಹಿರಿಯೂರಿನಿಂದ ಪೇಂಟರ್ ಗೋವರ್ಧನನನ್ನು ಕರೆಸಿದೆ. ಹೆಸರು ಬದಲಾಯಿಸು ಎಂದರೆ ಅವನು, "ಬ್ಯಾಡ್ರೀ ಮೇಡಂ, ಇದು ಓಡ್ತಿರೋ ಹೆಸ್ರು. ಗಿರಾಕಿ ತಪ್ತಾರೆ ನೋಡ್ರಿ," ಎಂದು ಬುದ್ಧಿ ಹೇಳಿದ. ತಪ್ಪಲಿ ಬಿಡು ಎಂದೆ. ಅವನು ಹಳದಿ ಅಕ್ಷರಗಳ ಮೇಲೆ ಹಸಿರು ಬಣ್ಣ ಬಳಿಯುವಾಗ ನಾನು ಒಳಗಿದ್ದೆ, ಹೊರಗೆ ಬರಲಾಗಲಿಲ್ಲ. ಬೋರ್ಡನ್ನು ಇಷ್ಟು ದಿನ ಹಾಗೇ ಬಿಟ್ಟದ್ದು ಖರ್ಚು ಉಳಿಸಲು ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅದಲ್ಲ. ನೀನು ಬಸ್ಸಿಳಿದು ಬಂದರೆ ನಿನ್ನ ಹೆಸರು ನಿನಗೆ ಕಾಣಲಿ ಎಂದು ಬಿಟ್ಟಿದ್ದೆ.

ಸಂಜೆ ಚಿತ್ತಮ್ಮ ಮುದ್ದೆ ಒಯ್ಯಲು ತನ್ನ ಪಾತ್ರೆ ಹಿಡಿದು ಬಂದಳು. ತಲೆಯೆತ್ತಿ ಹೊಸ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. "ಯಶೋದಾ ಅಂದ್ರೆ ಯಾರ್ರೀ?" ನಾನೇ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಹಂಗಾರೆ ಕೊಟ್ರಮ್ಮ ಯಾರು?"

"ಬರ್ತೀನಿ ಅಂದಿದ್ಲು," ಎಂದೆ. ಚಿತ್ತಮ್ಮ ಪಾತ್ರೆ ಕೆಳಗಿಟ್ಟು, ನನ್ನ ಪಕ್ಕ ಮೆಟ್ಟಿಲ ಮೇಲೆ ಕತ್ತಲಾಗುವವರೆಗೂ ಕೂತಿದ್ದಳು.

ಪಲ್ಲವಿಯ ಬಾಳು ಹಾಲುಜೇನಾಗಿರಲಿ. ನಿನ್ನ ಮೊಣಕಾಲು ಬೇಗ ಗುಣವಾಗಲಿ, ನಿವೃತ್ತಿಯವರೆಗೂ ನಿನಗೆ ಒಳ್ಳೆಯ ಸಾಹೇಬರೇ ಸಿಗಲಿ. ಇನ್ನು ನಾನು ಬಸ್ಸಿನ ಬಾಗಿಲು ನೋಡುತ್ತಾ ಕೂರುವುದಿಲ್ಲ ಅಕ್ಕ, ಅದನ್ನು ಹೇಳಲೆಂದೇ ಇಷ್ಟು ಬರೆದದ್ದು.

ಯಶೋದಾ