ಭಾವನ ಕೈ

ಕಳವಾ
6-1-2015

ಶಂಭುವಿಗೆ ಪ್ರಭಕ್ಕ ಬರೆಯುವುದು.

ನಾವಿಲ್ಲಿ ಕ್ಷೇಮ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಆಶೀರ್ವಾದ ಏನಿದ್ದರೂ ಈ ಸಲ ನಿನ್ನ ಮಗಳು ಅಶ್ಮಿತಾಳಿಗೆ ಮಾತ್ರ. ಹನ್ನೆರಡು ತುಂಬಿದ ಮಗು, ಅದರದ್ದೇನೂ ತಪ್ಪಿಲ್ಲ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ವಾಟ್ಸಾಪಿನಲ್ಲಿ ಬರೆದರೆ ಅದನ್ನೂ ಯಾರಿಗಾದರೂ ಕಳಿಸಿ ನಗುತ್ತೀ. ಅದಕ್ಕೇ ಈ ಕಾಗದ.

ನಿನ್ನೆ ಫೋನ್ ಮಾಡಿ, "ಅಕ್ಕ, ದೇವರಾಣೆಗೂ ಭಾವನ ಲ್ಯಾಬಿನ ಡಾಕ್ಟರಿಗೆ ಆ ವಿಡಿಯೊ ಕಳಿಸಿದ್ದು ನಾನಲ್ಲ, ಅವರ ನಂಬರೇ ನನ್ನ ಹತ್ರ ಇಲ್ಲ" ಎಂದೆ. ನಾನು ಫೋನ್ ಇಟ್ಟೆ. ಇನ್ನು ಮೇಲೆ ಆ ಆಣೆ ಹಾಕಬೇಡ. ಆ ವಿಡಿಯೊ ಹುಟ್ಟಿದ್ದು ನಿನ್ನ ಮನೆಯಲ್ಲಿ.

ನಡೆದದ್ದನ್ನು ನೀನು ತಮಾಷೆ ಎಂದು ನೆನಪಿಟ್ಟುಕೊಂಡಿರಬಹುದು. ನನ್ನ ಕಣ್ಣಿಗೆ ಹೇಗೆ ಕಂಡಿತೆಂದು ಓದು.

ಕ್ರಿಸ್‌ಮಸ್ ರಜೆಯ ದಿನ ಅಶ್ಮಿತಾಳ ಹುಟ್ಟುಹಬ್ಬಕ್ಕೆ ಖಾರಘರದ ನಿನ್ನ ಮನೆಗೆ ಬಂದೆವು. ಊಟವಾದದ್ದೇ ನೀನೂ ನಿನ್ನ ಹೆಂಡತಿ ಜಯಲತಾಳೂ ಸೋಫಾ, ಟೀಪಾಯಿ ಎಲ್ಲ ಗೋಡೆಗೆ ತಳ್ಳಿ ಆ ಹೊಸ ಗೇಮ್ ಹಾಕಿದಿರಿ. ಟಿವಿಯ ಮೇಲೊಂದು ಕ್ಯಾಮೆರಾ; ಎದುರು ನಿಂತವರು ಟಿವಿಯೊಳಗೆ ಕಾಣುತ್ತಾರೆ, ಅದೇ ಹಾಲ್, ಅದೇ ಪರದೆ. ಆದರೆ ತಲೆಯ ಮೇಲೆ ಕಿರೀಟ, ಸುತ್ತ ಇಲ್ಲದ ಬಲೂನುಗಳು. ಕೈ ಬೀಸಿದರೆ ಅವು ಒಡೆಯುತ್ತವೆ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾನೂ ಸೆರಗು ಸಿಕ್ಕಿಸಿಕೊಂಡು ಎಂಟು ಬಲೂನು ಒಡೆದೆ.

ಇವರು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಬೇಡ ಎಂದರು. ಮೂರು ಸಲ ಬೇಡ ಎಂದದ್ದು ನಾನು ಎಣಿಸಿದ್ದೇನೆ. ನೀನು ರಟ್ಟೆ ಹಿಡಿದು ಎಳೆದು ತಂದೆ.

ಆಟ ಶುರುವಾಗಬೇಕಾದರೆ ಗಾಳಿಯಲ್ಲಿ ಕೈ ಎತ್ತಿ ಹಿಡಿಯಬೇಕು. ಟಿವಿಯಲ್ಲಿ ಒಂದು ವೃತ್ತ ಮೆಲ್ಲನೆ ತುಂಬುತ್ತದೆ. ಎಲ್ಲರಿಗೂ ಎರಡು ಸೆಕೆಂಡಿನ ಕೆಲಸ. ಇವರ ಕೈಗೆ ಆ ವೃತ್ತ ಅರ್ಧ ತುಂಬುತ್ತಿತ್ತು, ಜಾರುತ್ತಿತ್ತು. ಮತ್ತೆ ತುಂಬುತ್ತಿತ್ತು, ಮತ್ತೆ ಜಾರುತ್ತಿತ್ತು. ಅಷ್ಟು ದೊಡ್ಡ ಟಿವಿಯ ಮೇಲೆ ಆ ಕೈ ಹಾವಿನ ಹೆಡೆಯ ಹಾಗೆ ಆಡುತ್ತಿತ್ತು. ಅಶ್ಮಿತಾ ಪಾಪ, "ಮಾವ, ಹಾಥ್ ಮತ್ ಹಿಲಾವೋ ನಾ!" ಎಂದು, ಕೈ ಅಲ್ಲಾಡಿಸಬೇಡಿ ಅಂತ ಬೇಡಿಕೊಂಡಳು. ನೀನು ಮಾತ್ರ, "ಎಂತ ಭಾವ, ಮಧ್ಯಾಹ್ನವೇ ಹಾಕಿದ್ದಾ?" ಎಂದೆ. ಊಟಕ್ಕೆ ಬಂದಿದ್ದ ನೆರೆಮನೆಯವರು ಸಹಿತ ನಕ್ಕರು. ಜಯಲತಾ ಮೊಬೈಲ್ ಹಿಡಿದಿದ್ದಳು. ಆಮೇಲೆ ಇವರೂ ನಕ್ಕರು. ಆ ನಗು ನಿನಗೆ ಅರ್ಥವಾಗುವಂಥದ್ದಲ್ಲ.

ಹೊಟ್ಟೆಗೆ ಕಾಫಿ ಬಿಟ್ಟರೆ ಬೇರೇನನ್ನೂ ಕುಡಿಯದ ಮನುಷ್ಯ ಅವರು.

ವಾಪಸು ಬರುವಾಗ ಥಾಣೆಯವರೆಗೂ ಲೋಕಲ್ ರೈಲಿನಲ್ಲಿ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಕುಳಿತುಕೊಂಡಿದ್ದರು. ಮನೆ ಸೇರುವ ಮೊದಲೇ ನೀನು ಕುಟುಂಬದ ಗ್ರೂಪಿಗೆ ವಿಡಿಯೊ ಹಾಕಿದ್ದೆ. ಮೇಲೆ ‘ಟೈಟ್ ಭಾವ’ ಎಂದು ಹೆಸರು ಬೇರೆ. ಉಡುಪಿಯ ಕಿಟ್ಟಣ್ಣನಿಂದ ಹಿಡಿದು ಎಲ್ಲರೂ ಹಲ್ಲು ಕಿರಿದರು. ನನ್ನ ನಾದಿನಿಯರೂ.

ನಾಲ್ಕನೇ ದಿನ ಸೋಮವಾರ. ಇವರು ಇಪ್ಪತ್ತೆರಡು ವರ್ಷ ರಕ್ತ ತೆಗೆದ ಥಾಣೆಯ ಆ ಲ್ಯಾಬಿನ ಮಾಲೀಕರು, ಡಾಕ್ಟರ್ ಯಜ್ಞೇಶ್ವರ, ಒಳಗೆ ಕರೆದು ಮೊಬೈಲ್ ಮೇಜಿನ ಮೇಲಿಟ್ಟು ವಿಡಿಯೊ ತೋರಿಸಿದರಂತೆ. ಬೈಯಲಿಲ್ಲವಂತೆ. "ರಘುಪತಿ, ಇನ್ನು ಸೂಜಿ ಮುಟ್ಟಬೇಡಿ" ಎಂದಷ್ಟೇ ಹೇಳಿದರಂತೆ. ಕೌಂಟರಿನಲ್ಲಿ ಕೂತು ರಿಪೋರ್ಟ್ ಹಂಚುವ ಕೆಲಸ ಕೊಡುತ್ತೇನೆ ಎಂದರಂತೆ. ಇವರು ಕೋಟು ಬಿಚ್ಚಿ, ಮಡಚಿಟ್ಟು ಬಂದರು. ಸೂಜಿ ಹಾಕಿಸಿಕೊಂಡವರು "ಆಯ್ತಾ? ಗೊತ್ತೇ ಆಗಲಿಲ್ಲ" ಎನ್ನುತ್ತಿದ್ದ ಕೈ ಅದು. ನಿನ್ನ ಟೈಫಾಯ್ಡಿನಲ್ಲಿ ನೀನೂ ಅಂದಿದ್ದೆ.

ಈಗ ದಿನವಿಡೀ ಕಿಟಕಿಯ ಪಕ್ಕ ಕುಳಿತು ಕಾರ್‌ಶೆಡ್ಡಿಗೆ ಹೋಗುವ ಖಾಲಿ ರೈಲು ನೋಡುತ್ತಾರೆ. ನಿನ್ನ ಹೆಸರು ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ.

ನಿನಗೆ ಇನ್ನೂ ಒಂದು ತಿಳಿಯಬೇಕು. ಮುಚ್ಚಿಡುತ್ತೇನೆಂದು ಇವರಿಗೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ಅದು ಕುಡಿತದ ನಡುಕವಲ್ಲ, ಆಯಾಸದ್ದೂ ಅಲ್ಲ. ಪಾರ್ಕಿನ್ಸನ್. ಕಳೆದ ವರ್ಷ ಚೌತಿಗೆ ಮುಂಚೆಯೇ ಆಸ್ಪತ್ರೆಯ ಡಾಕ್ಟರು ಹೇಳಿದರು. ಫೈಲು ನನ್ನ ಸೀರೆಗಳ ಅಡಿಯಲ್ಲಿದೆ. ಬೆಳಿಗ್ಗೆ ಮಾತ್ರೆ ನುಂಗಿದರೆ ಕೆಲವು ಗಂಟೆ ಕೈ ನಿಲ್ಲುತ್ತದೆ. ಆ ಗಂಟೆಗಳಲ್ಲಿ ರಕ್ತ ತೆಗೆದು, ಉಳಿದ ಹೊತ್ತು ಜೇಬಿನಲ್ಲಿ ಕೈ ಇಟ್ಟುಕೊಂಡು ದಿನ ತಳ್ಳಿದರು. ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಷ್ಟು ಜತನದಿಂದ ಬಚ್ಚಿಟ್ಟದ್ದನ್ನು ನಿನ್ನ ಕ್ಯಾಮೆರಾ ಎಲ್ಲರೆದುರು ಎತ್ತಿ ಹಿಡಿಯಿತು, ನೀನು ಅದಕ್ಕೆ ಕುಡುಕ ಎಂದು ಹೆಸರಿಟ್ಟೆ.

ಗೊತ್ತಿರಲಿಲ್ಲ ಎನ್ನುತ್ತೀ. ಗೊತ್ತಿಲ್ಲದವನು ಸುಮ್ಮನಿರಬಹುದಿತ್ತು. ಅಮ್ಮ ಹೋದ ಮೇಲೆ ನಿನಗೆ ಅನ್ನ ಹಾಕಿ, ಕಲ್ಯಾಣದಲ್ಲಿ ಕಾಲೇಜು ಮುಗಿಸುವವರೆಗೆ ಈ ಒಂದೇ ಕೋಣೆಯಲ್ಲಿ ಜಾಗ ಕೊಟ್ಟ ಮನುಷ್ಯನ ಬಗ್ಗೆ ಅಷ್ಟಾದರೂ ಮಾಡಬಹುದಿತ್ತು.

ಬರುವ ಭಾನುವಾರ ಹತ್ತು ಗಂಟೆಗೆ ಬಾ. ಒಬ್ಬನೇ ಬಾ. ಸ್ವೀಟ್ ಬಾಕ್ಸ್ ತರಬೇಡ. ಅವರೆದುರು ನಿಂತು ತಪ್ಪಾಯಿತು ಎನ್ನು. ಬೈದರೆ ಬೈಸಿಕೋ. ನಾನು ಕಳಿಸಿದ್ದಲ್ಲ ಎಂಬ ನಿನ್ನ ವಕೀಲಿಕೆ ಒಂದಕ್ಷರ ಬರಕೂಡದು. ಬಂದರೆ ಈ ಮನೆಯಲ್ಲಿ ನಿನಗೆ ಅಕ್ಕ ಇಲ್ಲ.

ಇಷ್ಟೇ,
ಪ್ರಭಾ

ತಾ.ಕ.: ಈ ಹಾಳೆಯನ್ನು ಓದಿ ಹರಿದು ಹಾಕು, ಜಯಲತಾಳಿಗೂ ತೋರಿಸಬೇಡ. ನಿನ್ನ ಆಣೆ ನಿಜ. ಡಾಕ್ಟರಿಗೆ ವಿಡಿಯೊ ಕಳಿಸಿದವಳು ನಾನು. ಡಿಸೆಂಬರ್ ಮೊದಲ ವಾರ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಇವರು ನಾಲ್ಕು ಸಲ ಚುಚ್ಚಿದ್ದರು. ಪುಟ್ಟ ಕೈ ಬಾತು ನೀಲಿಗಟ್ಟಿತಂತೆ, ತಾಯಿ ಲ್ಯಾಬೆಲ್ಲ ಕೇಳುವಂತೆ ಅತ್ತಳಂತೆ. ಇವರೇ ಬಂದು ಹೇಳಿದರು. ಈ ಕೆಲಸ ಬಿಟ್ಟುಬಿಡಿ ಎಂದು ಕಾಲು ಹಿಡಿದೆ; "ನಾಳೆ ಸರಿಯಾಗ್ತದೆ" ಎಂದರು. ಡಾಕ್ಟರಿಗೆ ಹೇಳಲು ಎರಡು ಸಲ ಲ್ಯಾಬಿನ ಬಾಗಿಲವರೆಗೆ ಹೋಗಿ ಬಾಯಿ ಬಾರದೆ ತಿರುಗಿದ್ದೆ. ಆಮೇಲೆ ನಿನ್ನ ವಿಡಿಯೊ ಬಂತು. ಭಾನುವಾರ ಮಧ್ಯಾಹ್ನ ತರಕಾರಿಗೆಂದು ಇಳಿದವಳು ಸ್ಟೇಷನ್ ಸೇತುವೆಯ ಮೇಲೆ ನಿಂತು, ಇದು ಕುಡಿತವಲ್ಲ, ಕಾಯಿಲೆ ಎಂದು ಬರೆದು ಕಳಿಸಿದೆ; ನನ್ನ ಹೆಸರು ಹೇಳಬೇಡಿ ಎಂದೂ ಬೇಡಿಕೊಂಡೆ. ಇದರಿಂದ ನಿನ್ನ ಮೇಲಿನ ಸಿಟ್ಟು ನನಗೆ ಎಳ್ಳಷ್ಟೂ ಇಳಿದಿಲ್ಲ. ಆದರೆ ನಾಳೆ ಅವರಿಗೆ ಅಂಗಿಯ ಗುಂಡಿ ಹಾಕಬೇಕಾದವಳು, ತುತ್ತು ಕಲಸಿ ಕೊಡಬೇಕಾದವಳು ನಾನು. ನನ್ನ ಕೈಯನ್ನು ಅವರು ತಳ್ಳುವಂತಾಗಬಾರದು. ನಿನ್ನ ಮೇಲೆ ಅವರು ಜನ್ಮವಿಡೀ ಸಿಟ್ಟು ಮಾಡಿಕೊಂಡಿರಲಿ. ಭಾನುವಾರ, ಕಳಿಸಿದ್ದು ಯಾರು ಎಂದು ಕೇಳಿದರೆ, "ನಾನೇ ಭಾವ" ಎನ್ನು.